ಕಾರಿನ ಬೆಲೆ ಇಳಿಯುತ್ತೆ, ಸ್ಪೇರ್ ಬೆಲೆ ಇಳಿಯಲ್ಲ

ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ ಸುತ್ತಮುತ್ತ, ಚಂದ್ರಾ ಲೇಔಟ್, ವಿಜಯನಗರದ ರಸ್ತೆಗಳಲ್ಲಿ ಹಳೇ ಬಿಎಂಡಬ್ಲ್ಯು, ಬೆಂಜ್‌ಗಳು ಈಗ ಅಪರೂಪವೇನಲ್ಲ. ಪ್ಲೇಸ್‌ಮೆಂಟ್ ಆದವರ ಬಾಯಲ್ಲೂ ಒಂದೇ ಪ್ರಶ್ನೆ: "ಐದು ಲಕ್ಷಕ್ಕೆ ತ್ರೀ ಸೀರೀಸ್ ಸಿಗ್ತಿದೆ ಮಗಾ, ತಗೊಳ್ಳೋದಾ?" ಹೊಸ ಸಣ್ಣ ಹ್ಯಾಚ್‌ಬ್ಯಾಕ್ ಬೆಲೆಗೆ ಐಷಾರಾಮಿ ಸೆಡಾನ್ ಅಂದ್ರೆ ಯಾರಿಗಾದರೂ ಆಸೆ ಆಗುತ್ತೆ. ಬೇಡ ಅಂತ ಹೇಳೋಕೆ ಈ ಲೇಖನ ಬರೀತಿಲ್ಲ. ಕೊಳ್ಳೋ ಮೊದಲು ಹಾಕಬೇಕಾದ ಲೆಕ್ಕ ಮಾತ್ರ ಇಲ್ಲಿದೆ.

ಉದಾಹರಣೆಗೆ ಇ90 ತಲೆಮಾರಿನ 320ಡಿ ತಗೊಳ್ಳೋಣ. ಬಿಎಂಡಬ್ಲ್ಯು 2007ರಲ್ಲಿ ಚೆನ್ನೈ ಬಳಿ ಕಾರ್ಖಾನೆ ತೆರೆದಾಗ ಜೋಡಿಸಲು ಶುರು ಮಾಡಿದ ಕಾರುಗಳಲ್ಲಿ ತ್ರೀ ಸೀರೀಸ್ ಕೂಡ ಒಂದು. ಹೊಸದಾಗಿದ್ದಾಗ ಇದರ ಬೆಲೆ 30 ಲಕ್ಷದ ಆಸುಪಾಸು. ಇವತ್ತು ಅದರ ಆರನೇ ಒಂದು ಭಾಗಕ್ಕೆ ಸಿಗಬಹುದು. ಆದರೆ ಅದರ ರೇಡಿಯೇಟರು, ಇಂಜೆಕ್ಟರು, ಗೇರ್‌ಬಾಕ್ಸಿಗೆ "ನಮ್ಮ ಕಾರಿನ ಬೆಲೆ ಇಳಿದಿದೆ" ಅಂತ ಗೊತ್ತಿರಲ್ಲ. ಅವುಗಳ ಬೆಲೆ ಈಗಲೂ 30 ಲಕ್ಷದ ಕಾರಿನ ಲೆಕ್ಕದಲ್ಲೇ ಇರುತ್ತೆ.

ಚೈನ್ ಕಥೆ

ಈ ಕಾರಿನ ಎನ್47 ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನ್ ಮುಂದೆ ಇಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆ ಇದೆ. ವಿನ್ಯಾಸಕ್ಕೆ ಕಾರಣವೂ ಇತ್ತು. ಫ್ಲೈವೀಲ್ ಪಕ್ಕದಲ್ಲಿ ಕ್ರ್ಯಾಂಕ್‌ಶಾಫ್ಟಿನ ತಿರುಚು ಕಂಪನ ಕಡಿಮೆ, ಮೇಲಾಗಿ ಎಂಜಿನ್ನಿನ ಮುಂಭಾಗವನ್ನು ತಗ್ಗಿಸಬಹುದು. ಆದರೆ 2007ರಿಂದ ಸುಮಾರು 2011ರವರೆಗಿನ ಎಂಜಿನ್‌ಗಳಲ್ಲಿ ಈ ಚೈನ್ ಮತ್ತು ಅದರ ಗೈಡ್‌ಗಳು ಬೇಗ ಸವೆಯುವ ದೂರು ಜಗತ್ತಿನಾದ್ಯಂತ ಬಂತು. ಚೈನ್ ಹರಿದರೆ ವಾಲ್ವ್‌ಗೆ ಪಿಸ್ಟನ್ ಹೊಡೆಯುತ್ತೆ, ಅಲ್ಲಿಗೆ ಎಂಜಿನ್ ಕಥೆ ಮುಗೀತು.

ಚೈನ್ ಕಿಟ್ ತೀರಾ ದುಬಾರಿಯೇನಲ್ಲ. ಅಲ್ಲಿಗೆ ಕೈ ಹೋಗಬೇಕಾದರೆ ಗೇರ್‌ಬಾಕ್ಸನ್ನೋ ಇಡೀ ಎಂಜಿನ್ನನ್ನೋ ಇಳಿಸಬೇಕು, ದುಬಾರಿ ಅದು. ಹೊರಗಿನ ಗ್ಯಾರೇಜಿನಲ್ಲೂ ಬಿಲ್ ಲಕ್ಷ ದಾಟುವುದು ಮಾಮೂಲಿ. ಕ್ಯಾಬಿನ್ ಕಡೆಯಿಂದ, ಅಂದ್ರೆ ಎಂಜಿನ್ನಿನ ಹಿಂಭಾಗದಿಂದ, ಕರಕರ ಅಂತ ಉಜ್ಜಿದ ಸದ್ದು ಬಂದರೆ ಅದೇ ಮುನ್ಸೂಚನೆ.

ಓಡದಿದ್ದರೂ ಹಳೆಯದಾಗುವುದು

"ಬರೀ 60 ಸಾವಿರ ಓಡಿದೆ" ಅನ್ನೋ ಮಾತಿಗೆ ಪೂರ್ತಿ ಮರುಳಾಗಬೇಡಿ. ರಬ್ಬರ್, ಪ್ಲಾಸ್ಟಿಕ್‌ಗೆ ಕಿಲೋಮೀಟರ್ ಜೊತೆಗೆ ವಯಸ್ಸೂ ಲೆಕ್ಕ. ಕೂಲೆಂಟ್ ಟ್ಯಾಂಕ್, ಥರ್ಮೋಸ್ಟಾಟ್ ಹೌಸಿಂಗ್, ಪೈಪಿನ ಜಾಯಿಂಟ್‌ಗಳು ಬಿಸಿಯಾಗಿ ತಣ್ಣಗಾಗಿ ವರ್ಷಗಳಲ್ಲಿ ಹಪ್ಪಳದಂತಾಗುತ್ತವೆ. ನಾಯಂಡಹಳ್ಳಿ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಎದುರುಗಾಳಿ ಇಲ್ಲ, ರೇಡಿಯೇಟರಿಗೆ ಫ್ಯಾನ್ ಒಂದೇ ಗತಿ. ಆಗ ಒಂದು ಬಿರುಕು ಸಾಕು. ಇ90 ಡ್ಯಾಶ್‌ಬೋರ್ಡಿನಲ್ಲಿ ಕೂಲೆಂಟ್ ತಾಪಮಾನದ ಮುಳ್ಳೇ ಇಲ್ಲ! ದೀಪ ಹೊತ್ತಿಕೊಳ್ಳುವಷ್ಟರಲ್ಲಿ ಎಂಜಿನ್ ಕಾದಿರುತ್ತೆ. ಕಾದ ಅಲ್ಯೂಮಿನಿಯಂ ಹೆಡ್ ಬಾಗಿದರೆ ಕೆಲವು ಸಾವಿರದ ಟ್ಯಾಂಕು ಲಕ್ಷದ ಕೆಲಸ ಆಗಿಬಿಡುತ್ತೆ.

ಸಸ್ಪೆನ್ಷನ್ನಿನ ಕಥೆಯೂ ಹೀಗೇ. ಹಿಂದಿನ ಒಂದೊಂದು ಚಕ್ರಕ್ಕೂ ಐದೈದು ಲಿಂಕ್, ಪ್ರತಿಯೊಂದಕ್ಕೂ ರಬ್ಬರ್ ಬುಷ್. ನಮ್ಮ ಹಂಪ್, ಗುಂಡಿಗಳ ಮೇಲೆ ಅವು ಒಂದರ ಹಿಂದೆ ಒಂದು ಕಳಚಿಕೊಳ್ಳುತ್ತವೆ. ಬಿಡಿಯಾಗಿ ಅಗ್ಗ, ಸೆಟ್ ಬದಲಾಯಿಸಿದರೆ ಹತ್ತಾರು ಸಾವಿರ. ದೊಡ್ಡ ಬೆಂಜ್ ಎಸ್-ಕ್ಲಾಸ್ ಆದರೆ ಸ್ಪ್ರಿಂಗ್ ಬದಲು ಗಾಳಿಚೀಲ ಇರುತ್ತೆ. ಚೀಲ ಸೋರಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಅದೂ ಸುಡುತ್ತೆ. ಒಂದು ರಿಪೇರಿ ಮುಂದೂಡಿದರೆ ಎರಡು ಬಿಲ್.

ಗೇರ್‌ಬಾಕ್ಸ್ ಆಯಿಲ್ "ಜೀವಮಾನಕ್ಕೆ ಸಾಕು" ಅನ್ನೋ ಮಾತು ಕೇಳಿರ್ತೀರಿ. ಇಂಥ ಎಷ್ಟೋ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರಿಗೊಮ್ಮೆ ಬದಲಾಯಿಸಿ ಅನ್ನುತ್ತೆ. ಹಿಂದಿನ ಮಾಲೀಕರು ಬದಲಾಯಿಸಿದ ಬಿಲ್ ಇದೆಯಾ ಕೇಳಿ.

ಬ್ಯಾಟರಿ ಕೂಡ ಬರೀ ಬಿಚ್ಚಿ ಹಾಕಿದರೆ ಸಾಲದು. ಹೊಸದು ಬಂದಿದೆ ಅಂತ ಸ್ಕ್ಯಾನರ್ ಮೂಲಕ ಕಾರಿಗೆ ತಿಳಿಸಬೇಕು. ಇಲ್ಲದಿದ್ದರೆ ಹಳೇ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತೆ.

ಕಾಗದದ ಖರ್ಚು

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರು ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೆಲೆ ಕುಸಿದ ಕಾರುಗಳು ಎನ್‌ಒಸಿ ಹಿಡಿದು ಬೇರೆ ರಾಜ್ಯಗಳಿಗೆ ಬಂದವು. ಇಲ್ಲಿ ಕೆಎ ನಂಬರ್ ಮಾಡಿಸಲು ಜೀವಾವಧಿ ತೆರಿಗೆ ಕಟ್ಟಬೇಕು. "ಅಗ್ಗ" ಅನ್ನುವ ಬೆಲೆಗೆ ಇದನ್ನೂ ಕೂಡಿಸಿ. ಇನ್ನು 15 ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2010ರ ಕಾರು ಕೊಳ್ಳುವವರಿಗೆ ಆರ್‌ಸಿ ನವೀಕರಣ ಆಗಿದೆಯಾ ಅನ್ನೋದೇ ಮೊದಲ ಪ್ರಶ್ನೆ.

ನೋಡಲು ಹೋದಾಗ

ನೀವು ಬರೋವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಅನುಮಾನ ಪಡಿ. ಚೈನ್ ಸದ್ದು ಬಿಟ್ಟುಕೊಡುವುದು ತಣ್ಣನೆಯ ಸ್ಟಾರ್ಟ್‌ನಲ್ಲೇ. ಆ ಕಂಪನಿಗೆ ಹೊಂದುವ ಸ್ಕ್ಯಾನರ್ ಹಾಕಿಸಿ. ಮೀಟರಿನ ಕಿಲೋಮೀಟರನ್ನು ಕಾರಿನ ಬೇರೆ ಮಾಡ್ಯೂಲ್‌ಗಳಲ್ಲಿರುವ ಲೆಕ್ಕದ ಜೊತೆ ಹೋಲಿಸಿ. ಟೈರ್ ನೋಡಿ. ರನ್‌ಫ್ಲಾಟ್ ಆಗಿದ್ದರೆ ಒಂದೊಂದಕ್ಕೂ ಮಾಮೂಲಿ ಟೈರಿಗಿಂತ ಹೆಚ್ಚು ಬೆಲೆ, ಡಿಕ್ಕಿಯಲ್ಲಿ ಸ್ಟೆಪ್ನಿಯೂ ಇರಲಿಕ್ಕಿಲ್ಲ.

ಕಳಚಿದ ಭಾಗಗಳಿಗೆ ಶಿವಾಜಿನಗರದ ಗುಜರಿ, ಹೊಸದಕ್ಕೆ ಜೆ.ಸಿ. ರಸ್ತೆ ಇದ್ದೇ ಇದೆ. ಬಾಗಿಲಿನ ಹಿಡಿ, ಕನ್ನಡಿ, ಲೈಟ್‌ಗಳಿಗೆ ಗುಜರಿ ಒಳ್ಳೆಯದು. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್ ವಿಷಯದಲ್ಲಿ ಗುಜರಿ ಮಾಲು ಬೇಡ.

ಕೊನೆಗೆ ಲೆಕ್ಕ: ಕೈಯಲ್ಲಿ ಐದು ಲಕ್ಷ ಇದ್ದರೆ ಕಾರಿಗೆ ಮೂರೂವರೆ ಇಡಿ, ಒಂದೂವರೆ ಲಕ್ಷವನ್ನು ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಆ ಒಂದೂವರೆ ಲಕ್ಷ ಅಪ್ಪನ ಪಿಎಫ್‌ನಿಂದಲೋ ಸಾಲದಿಂದಲೋ ಬರಬೇಕು ಅಂತಿದ್ದರೆ ಈ ಕಾರು ಸದ್ಯಕ್ಕೆ ನಿಮ್ಮದಲ್ಲ. ಇನ್ನೆರಡು ವರ್ಷ ಸಂಬಳ ಬರಲಿ, ಅಲ್ಲೀತನಕ ಅತ್ತಿಗುಪ್ಪೆಯಿಂದ ಮೆಟ್ರೋ ಇದ್ದೇ ಇದೆಯಲ್ಲ!