ಗಿಟಾರ್ ಪಿಕ್ ಬಿಗಿಯಾಗಿ ಹಿಡಿದರೆ ವೇಗ ಬರುತ್ತದೆಯೇ?

ಲೀಡ್ ಗಿಟಾರ್ ಕಲಿಯಲು ಹೊರಟವರಲ್ಲಿ ಎರಡು ನಂಬಿಕೆಗಳಿವೆ. ಪಿಕ್ ಬಿಗಿಯಾಗಿ ಹಿಡಿದು ಜೋರಾಗಿ ಮೀಟಿದರೆ ವೇಗ ಬರುತ್ತದೆ ಎನ್ನುವುದು ಒಂದು. ಕೈ ನೋಯದಿದ್ದರೆ ಅಭ್ಯಾಸ ಮಾಡಿದ ಹಾಗೇ ಅಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪು, ಎರಡನೆಯದು ಅಪಾಯ.

ಸೆಕೆಂಡಿಗೆ ನಾಲ್ಕು ಸ್ವರ ನುಡಿಸಬೇಕು ಎಂದುಕೊಳ್ಳಿ. ಪ್ರತಿ ಸಲವೂ ಕೆಳಮುಖವಾಗಿಯೇ ಮೀಟಿದರೆ ಕೈ ನಾಲ್ಕು ಸಲ ಇಳಿಯಬೇಕು, ನಾಲ್ಕು ಸಲ ಸುಮ್ಮನೆ ಮೇಲೆ ಬರಬೇಕು. ಒಟ್ಟು ಎಂಟು ಚಲನೆ. ಮೇಲೆ ಬರುವಾಗಲೂ ತಂತಿ ಮೀಟಿದರೆ ನಾಲ್ಕೇ ಸಾಕು. ಇದೇ ಆಲ್ಟರ್ನೇಟ್ ಪಿಕಿಂಗ್.

ಈ ಉಪಾಯ ನಮಗೆ ಹೊಸದೇನಲ್ಲ. ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸುತ್ತಾ ಬಂದಿರುವ ರಾಮನವಮಿ ಸಂಗೀತೋತ್ಸವಕ್ಕೋ, ಗಾಯನ ಸಮಾಜಕ್ಕೋ ವೀಣೆ ಕಛೇರಿ ಕೇಳಲು ಹೋದರೆ ಕಲಾವಿದರ ಬಲಗೈ ಗಮನಿಸಿ. ತೋರುಬೆರಳು, ನಡುಬೆರಳು ಸರದಿಯಂತೆ ಮೀಟುತ್ತವೆ; ಒಂದು ದುಡಿಯುವಾಗ ಇನ್ನೊಂದು ಸಿದ್ಧವಾಗುತ್ತಿರುತ್ತದೆ. ಗಿಟಾರ್‌ನಲ್ಲಿ ಇರುವುದು ಒಂದೇ ಪಿಕ್, ಆದ್ದರಿಂದ ಸರದಿ ದಿಕ್ಕಿನದು.

ಆರಂಭಿಕರ ತೊಡಕು ಮೇಲ್ಮುಖದ ಮೀಟು. ಅದು ಸಾಮಾನ್ಯವಾಗಿ ಸೊರಗಿರುತ್ತದೆ. ಇದಕ್ಕೆ ನನ್ನ ಪ್ರಕಾರ ಇಂಗ್ಲಿಷ್ ಪುಸ್ತಕಗಳ ಕಸರತ್ತಿಗಿಂತ ನಮ್ಮ ಜಂಟಿ ವರಸೆಯೇ ಒಳ್ಳೆಯ ಮದ್ದು. ಸಸ ರಿರಿ ಗಗ ಮಮ ಎನ್ನುವಾಗ ಜೋಡಿಯ ಎರಡನೇ ಸ್ವರಕ್ಕೆ ಒತ್ತು ಕೊಡಬೇಕು. ಮೊದಲನೆಯದನ್ನು ಕೆಳಕ್ಕೆ, ಎರಡನೆಯದನ್ನು ಮೇಲಕ್ಕೆ ಮೀಟಿದರೆ ಒತ್ತು ತಾನಾಗಿ ದುರ್ಬಲ ಮೀಟಿನ ಮೇಲೆ ಬೀಳುತ್ತದೆ. ಒಂದೇ ತಂತಿ ಸಾಕು: ಬಿಟ್ಟ ತಂತಿಯೇ ಷಡ್ಜವಾದರೆ ಮಾಯಾಮಾಳವಗೌಳದ ಉಳಿದ ಸ್ವರಗಳು 1, 4, 5, 7, 8, 11, 12ನೇ ಫ್ರೆಟ್‌ಗಳಲ್ಲಿ ಸಿಗುತ್ತವೆ. ಮೆಟ್ರೊನೋಮ್ 60ಕ್ಕಿಟ್ಟರೆ ಮೊದಲ ಕಾಲಕ್ಕೆ ಸೆಕೆಂಡಿಗೆ ಒಂದು ಸ್ವರ, ಮೂರನೇ ಕಾಲಕ್ಕೆ ನಾಲ್ಕು. ಎರಡನೇ ಕಾಲದಲ್ಲಿ ಎಡವುತ್ತಿದ್ದರೆ ಮೂರಕ್ಕೆ ಹೋಗಬೇಡಿ. (ಪಾಠ ಹೇಳಿಕೊಡುವ ಯಾವ ಅಜ್ಜಿಯೂ ಇದನ್ನೇ ಹೇಳುತ್ತಾರೆ.)

ಇನ್ನು ಬಿಗಿ ಹಿಡಿತ. ಮಣಿಕಟ್ಟನ್ನು ಒಂದು ಕಡೆಗೆ ಬಾಗಿಸಲು ಒಂದು ಸ್ನಾಯುಗುಂಪು, ವಾಪಸ್ಸು ತರಲು ಅದರ ಎದುರಿನ ಗುಂಪು. ಕೈ ಬಿಗಿಮಾಡಿದಾಗ ಎರಡೂ ಒಟ್ಟಿಗೆ ಸಂಕುಚಿಸಿ ಹಗ್ಗಜಗ್ಗಾಟಕ್ಕೆ ನಿಲ್ಲುತ್ತವೆ. ಶಕ್ತಿ ಖರ್ಚಾಗುತ್ತದೆ, ಕೈ ಓಡುವುದಿಲ್ಲ. ತೀರಾ ಜೋರಾಗಿ ಮೀಟಿದರೆ ತಂತಿಯ ಎಳೆತ ಕ್ಷಣಕಾಲ ಹೆಚ್ಚಿ ಶ್ರುತಿಯೂ ತುಸು ಏರುತ್ತದೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಸದ್ದು ಹೆಚ್ಚಿಸಲು ಆಂಪ್ಲಿಫೈಯರ್ ಇದೆ. ಪಿಕ್ ಜಾರದಷ್ಟು ಹಿಡಿದು, ಅದರ ತುದಿಯಷ್ಟನ್ನೇ ತಂತಿಗೆ ತಾಗಿಸಿದರೆ ಆಯಿತು.

ನೋವಿನ ವಿಷಯದಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕು. ತಂತಿ ಒತ್ತುವ ಎಡಗೈ ಬೆರಳ ತುದಿ ಉರಿಯುವುದು ಸಹಜ. ಕೆಲವು ವಾರಗಳಲ್ಲಿ ಚರ್ಮ ದಪ್ಪಗಾಗಿ ಉರಿ ಇಳಿಯುತ್ತದೆ. ಮಣಿಕಟ್ಟು, ಮುಂಗೈಯ ನೋವು ಹಾಗಲ್ಲ. ಹಗಲೆಲ್ಲ ಆಫೀಸಿನಲ್ಲಿ ಕೀಬೋರ್ಡು, ಮೌಸ್ ಹಿಡಿದು, ಸಂಜೆ ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಗಿಟಾರ್ ಕ್ಲಾಸಿಗೆ ಹೋಗುವವರು ಅದೇ ಸ್ನಾಯುರಜ್ಜುಗಳನ್ನು ಎರಡನೇ ಪಾಳಿಗೆ ಹಚ್ಚುತ್ತಿರುತ್ತಾರೆ. ಅಂಥವರು ಒಂದೇ ಸಮನೆ ಎರಡು ಗಂಟೆ ನುಡಿಸುವುದಕ್ಕಿಂತ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು ಕೊಡುವುದು ಒಳ್ಳೆಯದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುತ್ತಿದ್ದರೆ, ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸೂಚನೆ ಇರಬಹುದು. ಮುಲಾಮು ಹಚ್ಚಿ ಮತ್ತೆ ನುಡಿಸಲು ಕೂರಬೇಡಿ. ಗಿಟಾರ್ ಕೆಳಗಿಟ್ಟು ವೈದ್ಯರಿಗೆ ತೋರಿಸಿ, ಬೇಗ ತೋರಿಸಿದಷ್ಟೂ ವಾಸಿಯಾಗುವ ಸಾಧ್ಯತೆ ಹೆಚ್ಚು.