ರಾವಣನಿಂದ ರಂಗರಾಯರವರೆಗೆ

ಕನ್ನಡದ ಮೊದಲ ವಾಕ್ಚಿತ್ರ ತಯಾರಾದದ್ದು ಬೆಂಗಳೂರಿನಲ್ಲಲ್ಲ, ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಕನ್ನಡ ಮಾತಾಡಿದ ಆ ಮೊದಲ ಸಿನಿಮಾ, ‘ಸತಿ ಸುಲೋಚನಾ’, 1934ರ ಮಾರ್ಚ್ 3ರಂದು ತೆರೆ ಕಂಡದ್ದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ.

‘ಸತಿ ಸುಲೋಚನಾ’ ಎಂದೊಡನೆ ಸುಲೋಚನೆಯಾದ ತ್ರಿಪುರಾಂಬ, ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು ನೆನಪಾಗುತ್ತಾರೆ. ರಾವಣ ಯಾರು? ಆರ್. ನಾಗೇಂದ್ರರಾವ್. 1896ರಲ್ಲಿ ಹೊಳಲ್ಕೆರೆಯಲ್ಲಿ ಹುಟ್ಟಿ, ಕಂಪನಿ ನಾಟಕಗಳಲ್ಲಿ ಪಳಗಿದವರು. ಚಿತ್ರದ ಸಂಗೀತದಲ್ಲೂ ಅವರ ಕೈಯಿತ್ತು. ಹಿನ್ನೆಲೆ ಗಾಯನ ಇನ್ನೂ ಬಳಕೆಗೆ ಬಾರದ ಕಾಲ. ನಟನೇ ಮೈಕಿನ ಎದುರು ನಿಂತು ಮಾತೂ ಆಡಬೇಕು, ಹಾಡಲೂ ಬೇಕು. ಹಿಂದಿನ ಸಾಲಿನವನಿಗೂ ಕೇಳುವಂತೆ ಕಂದ ಹೇಳಿ ಗಂಟಲು ಗಟ್ಟಿ ಮಾಡಿಕೊಂಡವರಿಗಷ್ಟೇ ಸಾಧ್ಯವಿದ್ದ ಕೆಲಸ ಅದು. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ನಾಯ್ಡು ಮತ್ತು ರಾಯರು ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ಜೋಡಿ. ಪಾಲು ಮೊದಲೇ ಹಂಚಿಹೋದಂತಿತ್ತು: ನಾಯಕನ ವೇಷ ನಾಯ್ಡು ಅವರಿಗೆ, ಎದುರು ನಿಲ್ಲುವವನ ವೇಷ ರಾಯರಿಗೆ. 1941ರ ‘ವಸಂತಸೇನಾ’ದಲ್ಲಿ ಒಬ್ಬರು ಚಾರುದತ್ತ, ಇನ್ನೊಬ್ಬರು ಶಕಾರ. ಶಕಾರನೆಂದರೆ ಮೂಲ ಸಂಸ್ಕೃತ ನಾಟಕದಲ್ಲಿ ರಾಜನ ಮೈದುನ. ನಾಲಿಗೆ ತೊದಲು, ಬುದ್ಧಿ ವಕ್ರ, ಮೇಲೆ ಕೊಲೆಗಡುಕತನ. ನಗಿಸುತ್ತಲೇ ಹೆದರಿಸಬೇಕು. ಚಾರುದತ್ತನಾಗಲು ಗಾಂಭೀರ್ಯ ಸಾಕು. ಶಕಾರನಾಗಲು ಕಸುಬು ಬೇಕು ಎಂಬುದು ನನ್ನ ಪಕ್ಷಪಾತದ ಮಾತು, ಇರಲಿ.

1943ರ ‘ಸತ್ಯ ಹರಿಶ್ಚಂದ್ರ’ವನ್ನು ರಾಯರೇ ನಿರ್ದೇಶಿಸಿದರು. ಅದು ಮರುವರ್ಷ ತಮಿಳಿಗೆ ಡಬ್ ಆಯಿತು. ನಮ್ಮ ದೇಶದಲ್ಲಿ ಡಬ್ಬಿಂಗ್ ಶುರುವಾದದ್ದೇ ಅಲ್ಲಿಂದ ಎನ್ನುತ್ತಾರೆ. ನಿರ್ದೇಶಕನಾದರೂ ಹರಿಶ್ಚಂದ್ರನ ಪಾತ್ರವನ್ನು ತಾವು ಇಟ್ಟುಕೊಳ್ಳಲಿಲ್ಲ, ನಾಯ್ಡು ಅವರಿಗೇ ಬಿಟ್ಟರು.

ಅವರ ಕಸುಬುಗಾರಿಕೆಯನ್ನು ಕಣ್ಣಾರೆ ಕಾಣಬೇಕೆಂದರೆ ‘ಬೇಡರ ಕಣ್ಣಪ್ಪ’ ನೋಡಬೇಕು. 1954ರ ಆ ಚಿತ್ರದ ನಾಯಕ ರಾಜಕುಮಾರ್‌ಗೆ ಆಗ ಇಪ್ಪತ್ತೈದು. ರಾವಣ ಬೆಂಗಳೂರಿನ ತೆರೆಯ ಮೇಲೆ ಆರ್ಭಟಿಸಿದಾಗ ಅವರಿನ್ನೂ ಐದು ತುಂಬದ ಹುಡುಗ. ಅರವತ್ತರ ಹತ್ತಿರವಿದ್ದ ರಾಯರು ಅಲ್ಲಿ ಪೂಜಾರಿ ಕೈಲಾಸನಾಥ ಶಾಸ್ತ್ರಿ. ದೇವರ ಒಡವೆ ಕದ್ದು ಸೂಳೆಗೆ ಕೊಟ್ಟು, ಅಪವಾದವನ್ನು ಬೇಡ ದಿಣ್ಣನ ತಲೆಗೆ ಕಟ್ಟುವ ಆಸಾಮಿ. ಮೈತುಂಬ ವಿಭೂತಿ, ನಾಲಿಗೆಯ ತುದಿಯಲ್ಲಿ ಮಂತ್ರ, ಕಣ್ಣಲ್ಲಿ ಲೆಕ್ಕಾಚಾರ. ರಾವಣನಿಗೆ ಬೇಕಿದ್ದ ಗರ್ಜನೆ ಇಲ್ಲಿ ಕೆಲಸಕ್ಕೆ ಬಾರದು. ಶಾಸ್ತ್ರಿಯ ಕೆಡುಕೆಲ್ಲ ಮಡಿಯ ಒಳಗೇ ನಡೆಯಬೇಕು. ಪುರಾಣದ ಕಥೆಯಾದರೂ ಅಂಥವನನ್ನು ನಮ್ಮೂರಲ್ಲೇ ಎಲ್ಲೋ ಕಂಡಿದ್ದೇವೆ ಅನಿಸುವುದು ಅದಕ್ಕೇ.

ಆಮೇಲೆ ಕುಟುಂಬವೇ ಚಿತ್ರರಂಗಕ್ಕಿಳಿಯಿತು. ಮಕ್ಕಳಲ್ಲಿ ಜಯಗೋಪಾಲ್ ಹಾಡು ಬರೆದರು, ಕೃಷ್ಣಪ್ರಸಾದ್ ಕ್ಯಾಮೆರಾ ಹಿಡಿದರು. ಸುದರ್ಶನ್ ನಾಯಕರಾದದ್ದು 1961ರಲ್ಲಿ, ತಂದೆಯೇ ನಿರ್ದೇಶಿಸಿದ ‘ವಿಜಯನಗರದ ವೀರಪುತ್ರ’ದಿಂದ.

1968ರಲ್ಲಿ ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಹಣ್ಣೆಲೆ ಚಿಗುರಿದಾಗ’ ಬಂತು, ನಿರ್ದೇಶನ ಎಂ.ಆರ್. ವಿಠಲ್. ಪೋಸ್ಟರಿನ ಜೋಡಿ ರಾಜಕುಮಾರ್ ಮತ್ತು ಕಲ್ಪನಾ. ಆದರೆ ಹೆಸರಿನ ಹಣ್ಣೆಲೆ ಮುದುಕ ರಂಗರಾಯ, ಅಂದರೆ ಎಪ್ಪತ್ತು ದಾಟಿದ್ದ ನಾಗೇಂದ್ರರಾವ್. ಪದ್ಮಶ್ರೀ ಬಂದದ್ದು 1976ರಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ.