ನಮ್ಮ ವೈಫೈನಲ್ಲಿ ಯಾರಿದ್ದಾರೆ?

ವೈಫೈ ನಿಧಾನವಾದರೆ ಮೊದಲು ಅನುಮಾನ ಹೋಗುವುದು ಅಕ್ಕಪಕ್ಕದವರ ಮೇಲೆ. ನಾವು ನಾಲ್ವರಿರುವ ಬಾಡಿಗೆ ಮನೆಯಲ್ಲೂ ಹಾಗೇ ಆಯಿತು. ಬ್ಯಾಂಕ್ ಪರೀಕ್ಷೆಯ ಮಾಕ್ ಟೆಸ್ಟ್ ಪದೇ ಪದೇ ಅರ್ಧಕ್ಕೆ ನಿಲ್ಲತೊಡಗಿದಾಗ, ‘ಇದು ಕೆಳಗಿನ ಮನೆ ಹುಡುಗನದೇ ಕೆಲಸ, ಹೋಗಿ ಕೇಳೇಬಿಡೋಣ’ ಎಂದು ಗೆಳೆಯ ಎದ್ದ. ‘ತಡಿಯೋ, ಮೊದಲು ಲೆಕ್ಕ ಹಾಕೋಣ’ ಎಂದೆ.

ಫೋನಿನ ಬ್ರೌಸರ್‌ನಲ್ಲಿ 192.168.1.1 ಎಂದು ಟೈಪ್ ಮಾಡಿದೆ. ಕೆಲವು ರೂಟರ್‌ಗಳಿಗೆ ಇದು 192.168.0.1. ವಿಳಾಸ ಸಾಮಾನ್ಯವಾಗಿ ರೂಟರ್‌ನ ಅಡಿ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಲಾಗಿನ್ ಆದರೆ ‘ಕನೆಕ್ಟೆಡ್ ಡಿವೈಸಸ್’ ಪಟ್ಟಿ ಸಿಗುತ್ತದೆ. ನಮ್ಮ ಪಟ್ಟಿಯಲ್ಲಿ ಒಂಬತ್ತು ಸಾಲುಗಳಿದ್ದವು. ನಮಗೆ ನೆನಪಿದ್ದದ್ದು ನಾಲ್ಕು ಫೋನ್, ಎರಡು ಲ್ಯಾಪ್‌ಟಾಪ್, ಒಂದು ಟಿವಿ. ನಾಲ್ಕು ಹೆಸರುಗಳಂತೂ ಯಾರದೆಂದೇ ಗೊತ್ತಾಗಲಿಲ್ಲ.

ಒಂದೊಂದರ ವೈಫೈ ಆಫ್ ಮಾಡುತ್ತಾ ಪಟ್ಟಿಯನ್ನು ರಿಫ್ರೆಶ್ ಮಾಡಿದೆವು. ಎರಡು ‘ಅಪರಿಚಿತ’ ಹೆಸರುಗಳು ನಮ್ಮದೇ ಫೋನ್‌ಗಳು! ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನ್‌ಗಳು ಗೋಪ್ಯತೆಗಾಗಿ ನಿಜವಾದ ಮ್ಯಾಕ್ ವಿಳಾಸದ ಬದಲು ತಾವೇ ಸೃಷ್ಟಿಸಿಕೊಂಡ ವಿಳಾಸ ತೋರಿಸುತ್ತವೆ. ಮೂರನೆಯದು ಮೂಲೆಯಲ್ಲಿ ಚಾರ್ಜ್‌ಗೆ ಹಾಕಿ ಮರೆತಿದ್ದ ಹಳೆಯ ಟ್ಯಾಬ್. ಕೊನೆಗೆ ಒಂದು ಸಾಲು ಮಾತ್ರ ಹೋಗಲೇ ಇಲ್ಲ. ಅದು ಹೊರಗಿನದು.

ಆದರೆ ಯಾರದು? ಪಟ್ಟಿ ಅದನ್ನು ಹೇಳುವುದಿಲ್ಲ. ಹಿಂದೆ ರೂಮಿನಲ್ಲಿದ್ದವನೋ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಕೊಂಡ ಸ್ನೇಹಿತನ ಸ್ನೇಹಿತನೋ ಇರಬಹುದು. ಹೀಗಿರುವಾಗ ಯಾರ ಮನೆ ಬಾಗಿಲು ತಟ್ಟುವುದು?

ಜಗಳವಿಲ್ಲದ ದಾರಿ ಪಾಸ್‌ವರ್ಡ್ ಬದಲಿಸುವುದು. ಆ ಒಂದು ಸಾಧನವನ್ನಷ್ಟೇ ಬ್ಲಾಕ್ ಮಾಡಿದರೆ ಅದು ಬೇರೆ ವಿಳಾಸ ಹೊತ್ತು ಮತ್ತೆ ಬರಬಹುದು. ಪಾಸ್‌ವರ್ಡ್ ಬದಲಾದರೆ ಎಲ್ಲರೂ ಹೊರಗೆ. ಬೇಕಾದವರಿಗೆ ಮಾತ್ರ ಹೊಸದನ್ನು ಕೊಟ್ಟರಾಯಿತು. ಜೊತೆಗೆ ರೂಟರ್‌ನ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ, ಡಬ್ಲ್ಯುಪಿಎಸ್ ಆಫ್ ಮಾಡಿ, ಭದ್ರತೆಯನ್ನು ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3ಕ್ಕೆ ಇಡಿ. ಬಂದುಹೋಗುವವರಿಗೆ ಗೆಸ್ಟ್ ನೆಟ್‌ವರ್ಕ್ ಸಾಕು.

ಇದು ಬರೀ ಸ್ಪೀಡಿನ ಪ್ರಶ್ನೆಯಲ್ಲ. ನಮ್ಮ ವೈಫೈ ಬಳಸಿ ಯಾರಾದರೂ ವಂಚನೆ ಮಾಡಿದರೆ ಹೊರಗಿನವರಿಗೆ ಕಾಣುವುದು ಆ ಫೋನ್ ಅಲ್ಲ, ನಮ್ಮ ಕನೆಕ್ಷನ್. ವಿಚಾರಣೆ ಮೊದಲು ಬರುವುದು ಅದು ಯಾರ ಹೆಸರಿನಲ್ಲಿದೆಯೋ ಅವರ ಬಳಿಗೆ. ಕೆಲಸ ಹುಡುಕುವ ವಯಸ್ಸಿನಲ್ಲಿ ಅಂಥ ತಲೆನೋವು ಯಾರಿಗೆ ಬೇಕು? ತಿಂಗಳಿಗೊಮ್ಮೆ ಹತ್ತು ನಿಮಿಷ ಕೊಟ್ಟು ಪಟ್ಟಿ ನೋಡಿದರೆ ಸಾಕು.